ಹುಲಿಗೆಪ್ಪನ ಬರಿಗಾಲು

ಹೋದ ತಿಂಗಳು ಒಂದು ಮಧ್ಯಾಹ್ನ ರಾಯಚೂರಿನ ತೀನ್ ಕಂದೀಲ್ ಹತ್ತಿರದ ನನ್ನ ಗ್ಯಾರೇಜಿನಲ್ಲಿ ಒಂದು ಕಾರಿನ ಏರ್ ಫಿಲ್ಟರ್ ಬಿಚ್ಚಿದೆ. ಒಳಗಿಂದ ಹಿಡಿಯಷ್ಟು ಭತ್ತದ ಹೊಟ್ಟು ಅಂಗೈಗೆ ಉದುರಿತು. ಜೊತೆಗೆ ಕುದಿಸಿದ ಭತ್ತದ ಆ ಕಮಟು ವಾಸನೆ. ವಾಸನೆಯಿಂದ ಜನರಿಗೆ ತಾಯಿಯ ಕೈಯಡುಗೆ ನೆನಪಾಗುತ್ತದಂತೆ. ನನಗೆ ನೆನಪಾದದ್ದು ಒಬ್ಬ ಗಂಡಸಿನ ಪಾದ. ಬ್ರೇಕಿನ ಮೇಲೆ ಹೆಬ್ಬೆರಳು, ಆಕ್ಸಿಲರೇಟರ್ ಮೇಲೆ ಹಿಮ್ಮಡಿಯ ಅಂಚು, ಎರಡನ್ನೂ ಒಟ್ಟಿಗೆ ಆಡಿಸುತ್ತಿದ್ದ ದೇವದುರ್ಗದ ಹುಲಿಗೆಪ್ಪನ ಬಲಗಾಲು. ಮೂರು ವರ್ಷವಾಗಿದೆ. ಇವತ್ತಿಗೂ ಆ ಕಾಲು ನೆನಪಾದರೆ ನನಗೆ ಹೊಟ್ಟೆ ಉರಿಯುತ್ತದೆ. ಸುತ್ತುಬಳಸಿ ಹೇಳುವುದೇಕೆ, ಅದು ಹೊಟ್ಟೆಕಿಚ್ಚೇ.

ಅವತ್ತು ಫಿಲ್ಟರ್ ಬಿಚ್ಚಿದ ಕಾರು ಮಾನ್ವಿಯ ಶರಣುವಿನದು. ಮಾನ್ವಿ ಊರ ಹೊರಗೆ ಅವರ ಅಪ್ಪನ ರೈಸ್ ಮಿಲ್ ಇದೆ. ಶರಣು ಮತ್ತು ನಾನು ಡಿಪ್ಲೊಮಾದಲ್ಲಿ ಒಂದೇ ಬೆಂಚು. ಅವನು ಪಾಸಾಗಲಿಲ್ಲ, ಮಿಲ್ ಇತ್ತು. ನಾನು ಪಾಸಾದೆ, ಗ್ಯಾರೇಜು ಹಾಕಿದೆ. ಕಾರಿನ ಹುಚ್ಚು ಮಾತ್ರ ಇಬ್ಬರಿಗೂ ಸಮ. ಕೊರೊನಾ ಮುಗಿದ ಮೇಲಿನ ವರ್ಷ, ಗಣೇಶ ಹಬ್ಬ ಕಳೆದ ವಾರ, ಅವನು ಹೈದರಾಬಾದಿನಿಂದ ಒಂದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರನ್ನು ಮಿಲ್ಲಿನ ಅಕ್ಕಿ ಲಾರಿಯಲ್ಲೇ ಹೇರಿಕೊಂಡು ಬಂದು ನನ್ನ ಗ್ಯಾರೇಜಿನ ಮುಂದೆ ಇಳಿಸಿದ. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ನಮ್ಮಂಥ ಹವ್ಯಾಸಿಗಳಿಗಾಗಿ ಚಳಿಗಾಲದಲ್ಲಿ ರೇಸು ನಡೆಸುತ್ತಾರೆ, ಈ ಸಲ ನಾವೂ ಹೋಗೋಣ ಎಂದ.

"ಓಡಿಸೋರು ಯಾರಲೇ?" ಎಂದೆ.

"ನೀನ. ಮತ್ತ್ಯಾರು?" ಎಂದ.

ಆ ಎರಡು ಮಾತು ಕೇಳಿ ನಾನು ಅವತ್ತು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಕಾರು ಕೊಳ್ಳುವ ಧೈರ್ಯ ಶರಣುವಿಗಿತ್ತು, ಓಡಿಸುವ ಧೈರ್ಯ ಇರಲಿಲ್ಲ. ಒಮ್ಮೆ ನಾನು ಪಕ್ಕದಲ್ಲಿ ಕೂರಿಸಿಕೊಂಡು ಬೈಪಾಸಿನ ತಿರುವು ಹೊಡೆದಾಗ ಇಳಿದು ವಾಂತಿ ಮಾಡಿಕೊಂಡಿದ್ದ. ಹೀಗಾಗಿ ಸೀಟು ನನ್ನದೇ. ಮೂರು ವಾರ ಬೇರೆ ಗಿರಾಕಿಗಳನ್ನೆಲ್ಲ ಕಾಯಿಸಿ ಆ ಕಾರನ್ನು ಕಟ್ಟಿದೆ. ಹಿಂದಿನ ಸೀಟು ಕಿತ್ತೆ, ಒಳಗೆ ಕಬ್ಬಿಣದ ಪಂಜರ ಬೆಸೆದೆ, ಎಂಜಿನ್ನಿಗೆ ಗಾಳಿ ತುಂಬುವ ಸಣ್ಣ ಟರ್ಬೊ ತೆಗೆದು ದೊಡ್ಡದು ಕೂರಿಸಿದೆ, ಸಸ್ಪೆನ್ಷನ್ ಬಿಗಿ ಮಾಡಿದೆ. ಅದರ ಒಂದೊಂದು ಬೋಲ್ಟೂ ನನ್ನ ಕೈಯನ್ನು ಗುರುತಿಸುತ್ತಿತ್ತು. ರೇಸಿನಲ್ಲಿ ತಿರುವಿನ ಮುಂಚೆ ಬ್ರೇಕ್ ಹಿಡಿದುಕೊಂಡೇ ಆಕ್ಸಿಲರೇಟರನ್ನು ಒಮ್ಮೆ ಮುಟ್ಟಿ ಗೇರು ಇಳಿಸಬೇಕು, ಒಂದೇ ಕಾಲಿನಲ್ಲಿ ಎರಡು ಪೆಡಲ್. ವಿಡಿಯೋ ನೋಡಿ ನೋಡಿ ಅದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು. ಅಷ್ಟಾದರೂ ಹತ್ತು ಸಲಕ್ಕೆ ಮೂರು ಸಲ ತಪ್ಪುತ್ತಿತ್ತು.

ಅಭ್ಯಾಸಕ್ಕೆ ಜಾಗ ಎಲ್ಲಿದೆ? ಮಿಲ್ಲಿನ ಹಿಂದೆ ಕುದಿಸಿದ ಭತ್ತ ಒಣಗಿಸುವ ಕಣ ಇತ್ತು. ಮೂರು ಎಕರೆಯಷ್ಟು ಸಿಮೆಂಟಿನ ನೆಲ. ಡ್ರೈಯರ್ ಯಂತ್ರ ಬಂದ ಮೇಲೆ ಅದರ ಅರ್ಧ ಭಾಗವೂ ಬಳಕೆಯಲ್ಲಿರಲಿಲ್ಲ. ಹೊಟ್ಟು ತುಂಬಿದ ಗೋಣಿಚೀಲಗಳನ್ನು ಸಾಲಾಗಿ ಇಟ್ಟು ಏಳು ತಿರುವಿನ ದಾರಿ ಮಾಡಬಹುದು, ಗುದ್ದಿದರೂ ಕಾರಿಗೆ ಏನೂ ಆಗದು ಎಂದು ಲೆಕ್ಕ ಹಾಕಿದೆವು. ಆದರೆ ಶರಣುವಿನ ಅಪ್ಪ ಶಿವಣ್ಣ ಸಾಹುಕಾರರು ಒಪ್ಪಬೇಕಿತ್ತು. ಅವರು ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರದಿರುವಾಗ, ಕಾರನ್ನು ಒಂದು ಸುತ್ತು ಬಂದು ನೋಡಿದರು.

"ಕಾಳು ಬೀಳೋ ಜಾಗ ಅದು. ನಮ್ಮ ಅಮ್ಮನ ಕಾಲದಿಂದ ಅಲ್ಲಿ ಯಾರೂ ಚಪ್ಪಲಿ ಮೆಟ್ಟಿ ಕಾಲಿಟ್ಟಿಲ್ಲ. ನಿಮ್ಮ ಗಾಡಿ ಟೈರು ಊರ ಹೊಲಸೆಲ್ಲ ತುಳಕೊಂಡು ಬಂದದ."

"ಮತ್ತ ಹೆಂಗ ಮಾಡೋಣಪ್ಪ?" ಶರಣು ಕೇಳಿದ.

"ಟೈರು ತೊಳಕೊಂಡು ಒಳಗ ಬರ್ರಿ. ಗಾಡಿ ಒಳಗ ಕುಂತೋರೂ ಬರಿಗಾಲಲೆ ಇರಬೇಕು. ಇಷ್ಟಕ್ಕ ಒಪ್ಪಿಗಿ ಇದ್ದರ ಆಡ್ರಿ, ಇಲ್ಲಾಂದ್ರ ಹೊತ್ತಕೊಂಡು ಹೋಗ್ರಿ."

ಹೀಗೆ ಮೂರು ನೂರರ ಹತ್ತಿರ ಅಶ್ವಶಕ್ತಿಯ ಕಾರು ದಿನಾ ಕಣದ ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋಗತೊಡಗಿತು. ನೀರು ಹಾಕುವ ಕೆಲಸ ಮಿಲ್ಲಿನ ಟ್ರ್ಯಾಕ್ಟರ್ ಡ್ರೈವರ್ ಹುಲಿಗೆಪ್ಪನಿಗೆ ಬಿತ್ತು. ದೇವದುರ್ಗ ತಾಲೂಕಿನವನು, ನನ್ನದೇ ವಯಸ್ಸು, ನನ್ನದೇ ಎತ್ತರ. ಮಾತು ಕಡಿಮೆ. ಹೆಂಡತಿ ಮಕ್ಕಳೊಂದಿಗೆ ಮಿಲ್ಲಿನ ಹಿಂದಿನ ಕೋಣೆಯಲ್ಲೇ ಇದ್ದ. ಹಿರೇಕೊಟ್ನೆಕಲ್ಲಿನಿಂದ, ಕುರ್ಡಿಯಿಂದ ಭತ್ತದ ಟ್ರೇಲರ್ ತಂದು, ಮಿಲ್ಲಿನ ಇಕ್ಕಟ್ಟಾದ ಗೇಟಿನೊಳಗೆ ಹಿಮ್ಮುಖವಾಗಿ, ಒಂದು ಸಲವೂ ನಿಲ್ಲಿಸದೆ ತಂದು ಬಿಡುತ್ತಿದ್ದ. ಮೊದಲು ನಾನು ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೆ ಆಗಲೇ ಎಚ್ಚರವಾಗಬಹುದಿತ್ತು.

ದಸರಾ ಮುಂಚಿನ ಒಂದು ಬೆಳಿಗ್ಗೆ ಹದಿನೈದು ಸುತ್ತು ಹೊಡೆದು ಬೆವರಿ ಇಳಿದೆ. ನನ್ನ ಉತ್ತಮ ಸುತ್ತು ನಲವತ್ತೊಂದು ಸೆಕೆಂಡು. ಶರಣು ಮೊಬೈಲಿನಲ್ಲಿ ಸಮಯ ಹಿಡಿಯುತ್ತಿದ್ದ. ಬಿಸಿಲಿಗೆ ಬಿಡುವುದು ಬೇಡ, ಕಾರನ್ನು ಶೆಡ್ಡಿಗೆ ಹಾಕು ಎಂದು ಅವನು ಹುಲಿಗೆಪ್ಪನಿಗೆ ಕೀಲಿ ಎಸೆದ. "ಒಂದು ರೌಂಡ್ ಹಾಕಿ ಒಯ್ಯಲೇನ್ರಿ?" ಎಂದು ಹುಲಿಗೆಪ್ಪ ಕೇಳಿದ. ನಾನೇ ನಕ್ಕು, ಹಾಕು ಹಾಕು, ಚೀಲ ಮಾತ್ರ ಹರೀಬ್ಯಾಡ ಎಂದೆ. ದೊಡ್ಡಸ್ತಿಕೆ ತೋರಿಸುವ ಅವಕಾಶ ಸಿಕ್ಕಿತೆಂದು ನನಗೆ ಖುಷಿ. ನೀರಿನ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ನೋಡತೊಡಗಿದೆ.

ಮೊದಲ ತಿರುವಿನಲ್ಲಿ ಕಾರು ಮೆಲ್ಲಗೆ ಹೋಯಿತು. ಎರಡನೆಯದರಲ್ಲಿ ಟೈರಿನ ಸದ್ದು ಬದಲಾಯಿತು. ನಾನು ತಿರುಗಿಸುವಾಗ ಟೈರು ಕಿರುಚುತ್ತಿತ್ತು. ಇವನದು ಒಂದೇ ಸಮನೆ ಗುನುಗುತ್ತಿತ್ತು. ನಾನು ಎದುರಿನ ಚೀಲವನ್ನು ನೋಡುತ್ತಿದ್ದೆ. ಇವನ ತಲೆ ಆಗಲೇ ಮುಂದಿನ ತಿರುವಿನ ಕಡೆ ತಿರುಗಿರುತ್ತಿತ್ತು. ನಾಲ್ಕನೆಯ ತಿರುವಿಗೆ ಬರುವಾಗ ಬ್ರೇಕು, ಎಂಜಿನ್ನಿನ ಒಂದು ಚಿಕ್ಕ ಗುಟುರು, ಗೇರು, ಮೂರೂ ಒಂದೇ ಉಸಿರಿನಲ್ಲಿ ಆದವು. ನಾನು ಬಕೆಟ್ಟಿನಿಂದ ಎದ್ದು ನಿಂತೆ. ಅವನು ಬಂದು ನಿಲ್ಲಿಸಿದಾಗ ಶರಣು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ಮೂವತ್ತೆಂಟು ಸೆಕೆಂಡು.

"ಎಲ್ಲಿ ಕಲ್ತಿ ಲೇ ಇದನ್ನ?" ಎಂದು ಶರಣು ಕುಣಿಯುತ್ತಿದ್ದ.

"ಕಲ್ಯೋದೇನದ್ರಿ ಇದ್ರಾಗ? ಟ್ರ್ಯಾಕ್ಟರಿಗೆ ಎಡ ಗಾಲಿಗೊಂದು ಬಲ ಗಾಲಿಗೊಂದು ಬ್ರೇಕ್ ಇರ್ತಾವಲ್ಲ, ಎಡಕ್ಕ ಹೊಳ್ಳಿಸಬೇಕಂದ್ರ ಎಡಗಡೆದಷ್ಟ ಒತ್ತಬೇಕು. ಎರಡೂ ಒಂದ ಕಾಲಲೆ ಒತ್ತಿ ರೂಢಿ. ಬರಿಗಾಲಿಗೆ ತಿಳೀತದ್ರಿ."

ಅವನು ಹೇಳಿದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳಿಗೆ ಬೇರೆ ಬೇರೆ ಇರುವ ಬ್ರೇಕಿನ ವಿಷಯ. ಎರಡು ಪೆಡಲ್ಲು ಅಕ್ಕಪಕ್ಕ ಇರುತ್ತವೆ. ಹದಿನೈದು ವರ್ಷ ಕೆಸರುಗದ್ದೆಯಲ್ಲಿ ಅವುಗಳ ಮೇಲೆ ಆಡಿದ ಬೆರಳುಗಳು ಅವು. ನನಗೆ ಇದೆಲ್ಲ ತಲೆಗೆ ಅರ್ಥವಾಯಿತು, ಹೊಟ್ಟೆಗೆ ಅರ್ಥವಾಗಲಿಲ್ಲ. ನಾನು ಕಟ್ಟಿದ ಕಾರು, ನಾನು ಹಾಕಿದ ಟರ್ಬೊ, ನಾನು ಕಣ್ಣು ಕೆಂಪಗೆ ಮಾಡಿಕೊಂಡು ನೋಡಿದ ವಿಡಿಯೋ. ಟೈರಿಗೆ ನೀರು ಹಾಕಲು ಬಂದವನು ಒಂದೇ ಸುತ್ತಿನಲ್ಲಿ ನನ್ನನ್ನು ನೀರಿನ ಬಕೆಟ್ಟಿನ ಪಕ್ಕ ನಿಲ್ಲಿಸಿದ್ದ. "ಭೇಷ್" ಎಂದೆ. ನನ್ನ ಮುಖ ಹುಳ್ಳಗಾಗಿದ್ದು ನನಗೇ ಗೊತ್ತಾಗುತ್ತಿತ್ತು.

ಅಲ್ಲಿಂದ ಇಬ್ಬರೂ ಅಭ್ಯಾಸ ಮಾಡತೊಡಗಿದೆವು. ಶರಣುವಿಗೆ ಈಗ ಎರಡು ಕುದುರೆ. ಒಂದು ಕಾರಿಗೆ ಇಬ್ಬರು ಡ್ರೈವರುಗಳನ್ನು ಸೇರಿಸಬಹುದು, ಡಿಸೆಂಬರಿನ ಮೊದಲ ಸುತ್ತಿನ ದಿನ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿ ಸಮಯ ತೆಗೆಯಲಿ, ಯಾರದು ಕಡಿಮೆಯೋ ಅವನಿಗೇ ಈ ಸಲದ ಉಳಿದ ರೇಸೆಲ್ಲ ಎಂದು ತೀರ್ಪು ಕೊಟ್ಟ. ನ್ಯಾಯವಾದ ಮಾತು. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು ಬಂತು. ರಾಯಚೂರಿನಿಂದ ಮಾನ್ವಿಗೆ ಬೈಕಿನಲ್ಲಿ ಬೆಳಗಿನ ಜಾವ ಹೊರಡುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಇವತ್ತು ಅವನಿಗೆ ಜ್ವರ ಬಂದಿರಲಿ. ಬಂದಿರುತ್ತಿರಲಿಲ್ಲ. ಬಕೆಟ್ ಹಿಡಿದು, "ಬರ್ರಿ ಅಮರೇಶಣ್ಣ, ಚಾ ಕುಡೀತೀರೇನ್ರಿ" ಎನ್ನುತ್ತ ಗೇಟಿನಲ್ಲೇ ನಿಂತಿರುತ್ತಿದ್ದ. ಅವನು ನನ್ನ ಮೇಲೆ ಒಂದಿಷ್ಟು ಸೊಕ್ಕು ತೋರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅದನ್ನೂ ತೋರಿಸಲಿಲ್ಲ.

ನಾನು ಅವನ ತಪ್ಪು ಹುಡುಕತೊಡಗಿದೆ. ಎಂಜಿನ್ನಿನ ಶಾಖ ಎಷ್ಟಿದೆ ಎಂದು ಮೀಟರು ನೋಡುವುದಿಲ್ಲ ಎಂದು ಶರಣುವಿನ ಮುಂದೆ ಚಾಡಿ ಹೇಳಿದೆ. "ಮೀಟರ್ ಯಾಕ್ರಿ, ಕಾಲಿಗೆ ಬಿಸಿ ತಾಕ್ತದಲ್ಲ" ಎಂದ ಹುಲಿಗೆಪ್ಪ. ತೊಳೆದ ಟೈರು ಒದ್ದೆಯಾಗಿರುವಾಗ ಮೊದಲ ಸುತ್ತಿನಲ್ಲಿ ನಾನು ಎರಡು ಸಲ ಜಾರಿ ಚೀಲದ ಗೋಡೆಯೊಳಗೆ ನುಗ್ಗಿದೆ, ಹೊಟ್ಟೆಲ್ಲ ತಲೆಯ ಮೇಲೆ ಸುರಿಯಿತು. ಅವನು ಒಂದು ಸಲವೂ ನುಗ್ಗಲಿಲ್ಲ. ಅವನ ಸುತ್ತು ಮೂವತ್ತೇಳಕ್ಕೆ ಇಳಿಯಿತು. ನನ್ನದು ಹಗಲೂ ರಾತ್ರಿ ಒದ್ದಾಡಿ ಮೂವತ್ತೊಂಬತ್ತಕ್ಕೆ ಬಂತು, ಅಲ್ಲೇ ಕೂತಿತು.

ಕಣದ ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗದ ವಿಷಯವನ್ನೂ ಇಲ್ಲಿ ಹೇಳಬೇಕು. ನನ್ನದೂ ಹುಲಿಗೆಪ್ಪನದೂ ಮಾನ್ವಿ ಸಂತೆಯ ಒಂದೇ ನಮೂನೆಯ ಕಪ್ಪು ರಬ್ಬರ್ ಚಪ್ಪಲಿ. ಅವಸರದಲ್ಲಿ ಸಿಕ್ಕಿದ್ದು ಮೆಟ್ಟಿಕೊಂಡು ಹೋಗುವುದು, ಮರುದಿನ ಗೊತ್ತಾಗುವುದು. ಒಮ್ಮೆ ನಾನು ಅವನ ಚಪ್ಪಲಿಯಲ್ಲಿ ರಾಯಚೂರಿಗೆ ಹೋಗಿ ಎರಡು ದಿನ ಓಡಾಡಿದ್ದೆ. ಭತ್ತ ಹರವುವ ಹೆಣ್ಣುಮಕ್ಕಳ ಮೇಸ್ತ್ರಿ, ಮಲ್ಲಟದ ಈರಮ್ಮ, ನಾವಿಬ್ಬರೂ ಚಪ್ಪಲಿ ತಿರುವಿ ತಿರುವಿ ನೋಡುತ್ತಿದ್ದುದನ್ನು ಕಂಡು ನಕ್ಕಳು.

"ಯಪ್ಪಾ, ಯಾವುದು ಮೆಟ್ಟಿದ್ರ ಏನು? ನಿಮ್ಮಿಬ್ರ ಕಾಲೂ ಒಂದ ಅಚ್ಚಿನ್ಯಾಗ ತೆಗೆದಂಗ ಅದಾವ. ಬೆರಳಷ್ಟ ಅವನವು ಶ್ಯಾಣೇವು."

ಸುತ್ತಲಿದ್ದವರೆಲ್ಲ ನಕ್ಕರು. ಹುಲಿಗೆಪ್ಪ ನಾಚಿಕೊಂಡ. ನಾನೂ ನಕ್ಕೆ, ಹಲ್ಲು ಕಡಿದುಕೊಂಡು.

ದೀಪಾವಳಿ ಕಳೆದದ್ದೇ ಭತ್ತ ಬರತೊಡಗಿತು. ಆ ವರ್ಷ ಕಾಲುವೆಗೆ ನೀರು ಚೆನ್ನಾಗಿ ಬಂದು ಫಸಲು ಜೋರಿತ್ತು. ಮಿಲ್ಲಿನ ಮುಂದೆ ಟ್ರ್ಯಾಕ್ಟರುಗಳ ಸಾಲು, ಹೊಗೆಕೊಳವೆಯಿಂದ ಹೊಟ್ಟಿನ ಬೂದಿ, ಬಟ್ಟೆಯ ಮೇಲೆಲ್ಲ ಕಪ್ಪು ಚುಕ್ಕಿ. ಡ್ರೈಯರಿಗೆ ತಾಳಲಾರದಷ್ಟು ಭತ್ತವಾದಾಗ ಕಣದಲ್ಲಿ ಮತ್ತೆ ಹರವತೊಡಗಿದರು. ಈರಮ್ಮನ ಹೆಣ್ಣುಮಕ್ಕಳು ಸಾಲಾಗಿ ನಡೆಯುತ್ತ ಪಾದದಿಂದ ಭತ್ತ ಮಗುಚುತ್ತಿದ್ದರು. ಭತ್ತ ಒಂದೊಂದು ದಿನ ಒಂದೊಂದು ತಿರುವನ್ನು ನುಂಗಿತು. ಏಳು ತಿರುವು ಐದಾದವು, ನವೆಂಬರ್ ಕೊನೆಗೆ ಮೂರಾದವು. ಹುಲಿಗೆಪ್ಪ ಹಗಲೆಲ್ಲ ಟ್ರೇಲರ್ ಎಳೆದು, ಬೆಳಿಗ್ಗೆ ಸಿಕ್ಕ ಅರ್ಧ ಗಂಟೆಯಲ್ಲಿ ಕಾರು ಓಡಿಸುತ್ತಿದ್ದ. ನನಗೆ ಹೆಚ್ಚು ಹೊತ್ತು ಸಿಗುತ್ತಿತ್ತು. ಆದರೂ ಅವನೇ ಮುಂದೆ.

ಆಗಲೇ ರೇಸಿನವರಿಂದ ನಿಯಮಗಳ ಕಾಗದ ಬಂತು. ಎಂಟು ಪುಟ, ಎಲ್ಲ ಇಂಗ್ಲಿಷು. ಶರಣು ಅದನ್ನು ತೆರೆದೂ ನೋಡದೆ ನನ್ನ ಮೊಬೈಲಿಗೆ ತಳ್ಳಿ, ನೀನ ಓದಿ ಹೇಳಪ್ಪ ಎಂದ. ಹುಲಿಗೆಪ್ಪ ಕನ್ನಡದಲ್ಲಿ ಏಳನೆಯ ಇಯತ್ತೆವರೆಗೆ ಓದಿದವನು. ಮೂವರೂ ಹೊಟ್ಟಿನ ಚೀಲಗಳ ಮೇಲೆ ಕೂತೆವು. ನಾನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ಹೆಲ್ಮೆಟ್ಟು ಬೇಕು. ಪೂರ್ತಿ ತೋಳಿನ ಹತ್ತಿ ಅಂಗಿ ಬೇಕು. ಬೆಂಕಿ ಆರಿಸುವ ಸಿಲಿಂಡರ್ ಬೇಕು. ಕಾರನ್ನು ಎಳೆಯಲು ಮುಂದೆ ಹಿಂದೆ ಕೊಕ್ಕೆ ಬೇಕು. ಹುಲಿಗೆಪ್ಪ ಪ್ರತಿಯೊಂದಕ್ಕೂ ಶ್ರದ್ಧೆಯಿಂದ "ಹೂಂನ್ರಿ" ಎನ್ನುತ್ತಿದ್ದ. ಐದನೆಯ ಪುಟದಲ್ಲಿ ಒಂದು ಸಾಲು ಇತ್ತು. ಡ್ರೈವರು ಪಾದ ಪೂರ್ತಿ ಮುಚ್ಚುವ ಬೂಟು ಹಾಕಿರಲೇಬೇಕು, ಇಲ್ಲದವರನ್ನು ಟ್ರ್ಯಾಕಿಗೆ ಬಿಡುವುದಿಲ್ಲ, ತಳದ ಅಟ್ಟೆ ತೆಳ್ಳಗಿದ್ದರೆ ಒಳ್ಳೆಯದು. ಆ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. ಬೆರಳಿನಿಂದ ಮೇಲೆ ಸರಿಸಿದೆ. ಮುಂದಿನ ಸಾಲು ಓದಿದೆ.

ಮರೆತೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಮರೆತಿದ್ದರೆ ಅವತ್ತೇ ಸಂಜೆ ನನ್ನ ಅಳತೆಗೆ ತೆಳ್ಳನೆಯ ಅಟ್ಟೆಯ ರೇಸಿಂಗ್ ಬೂಟನ್ನು ಗ್ಯಾರೇಜಿನ ವಿಳಾಸಕ್ಕೆ ತರಿಸಿಕೊಳ್ಳುತ್ತಿರಲಿಲ್ಲ. ಬಂದ ಬೂಟು ಹಾಕಿಕೊಂಡು ಗಿರಾಕಿಗಳ ಕಾರಿನಲ್ಲೆಲ್ಲ ಬೈಪಾಸಿಗೆ ಹೋಗಿ ರೂಢಿ ಮಾಡಿಕೊಳ್ಳುತ್ತಿರಲಿಲ್ಲ. ಮಾನ್ವಿಗೆ ಹೋಗುವಾಗ ಮಾತ್ರ ಮತ್ತೆ ರಬ್ಬರ್ ಚಪ್ಪಲಿ. ಕಣದೊಳಗೆ ಹೇಗೂ ಬರಿಗಾಲು, ಯಾರಿಗೂ ಬೂಟಿನ ಯೋಚನೆ ಬರುವಂತೆಯೇ ಇರಲಿಲ್ಲ. ಸಾಹುಕಾರರ ಅಮ್ಮನ ಕಾಲದ ಕಟ್ಟಳೆ ನನ್ನ ಕಡೆ ಇತ್ತು.

ಡಿಸೆಂಬರಿನಲ್ಲಿ ಕಾರನ್ನು ಅಕ್ಕಿ ಲಾರಿಗೆ ಹೇರಿ ಕೊಯಮತ್ತೂರಿಗೆ ಹೊರಟೆವು. ಲಾರಿ ಓಡಿಸಿದ್ದು ಹುಲಿಗೆಪ್ಪನೇ. ಟ್ರ್ಯಾಕು ನೋಡಿದ್ದೇ ಅವನು ಲಾರಿಯಿಂದ ಇಳಿದ. ಬೇಲಿಯ ಹತ್ತಿರ ಹೋಗಿ ಬಗ್ಗಿ, ಡಾಂಬರಿನ ಮೇಲೆ ಅಂಗೈ ಇಟ್ಟು ನೋಡಿದ. "ಅಣ್ಣಾರ, ಏನ್ ನುಣ್ಣಗ ಅದರಿ! ಇಲ್ಲಿ ಭತ್ತ ಹರವಿದ್ರ ಒಂದು ಕಾಳೂ ಹರಳಿಲ್ದಂಗ ಬರ್ತಾವ" ಎಂದ. ಸುತ್ತಲೂ ದೊಡ್ಡ ಊರಿನವರು, ಅವರ ಬಣ್ಣಬಣ್ಣದ ಉಡುಪು, ಕಾರಿಗೊಂದು ಡೇರೆ. ನಮ್ಮದು ಅಕ್ಕಿ ಲಾರಿಯ ನೆರಳು, ಈರಮ್ಮ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ.

ಮೊದಲ ಸರದಿ ನನ್ನದು. ಬೂಟು ಹಾಕಿಕೊಂಡು ಲಾರಿಯ ಹಿಂದಿನಿಂದ ಬಂದಾಗ ಶರಣು ನೋಡಿ, "ಏನಲೇ, ಹೊಸಾವು!" ಎಂದ. ಹುಲಿಗೆಪ್ಪನೂ ನೋಡಿದ. ಚಂದ ಅದಾವ್ರಿ ಎಂದ. ನಾನು ಹತ್ತು ಸುತ್ತು ಓಡಿಸಿದೆ. ಕೆಟ್ಟದಾಗಿ ಓಡಿಸಲಿಲ್ಲ, ನನ್ನ ಬದುಕಿನಲ್ಲೇ ಚೆನ್ನಾಗಿ ಓಡಿಸಿದ ದಿನ ಅದು. ಆದರೂ ಅವನು ಇದಕ್ಕಿಂತ ನಾಲ್ಕೈದು ಸೆಕೆಂಡು ಮುಂದೆ ಹೋಗುತ್ತಾನೆಂದು ಪ್ರತಿ ತಿರುವಿನಲ್ಲೂ ನನಗೆ ಗೊತ್ತಾಗುತ್ತಿತ್ತು.

ಅವನ ಸರದಿ ಬಂತು. ಹೆಲ್ಮೆಟ್ ತೊಟ್ಟು, ಪೂರ್ತಿ ತೋಳಿನ ಅಂಗಿಯ ಗುಂಡಿ ಹಾಕಿಕೊಂಡು, ಕಾರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತ. ಕಣದೊಳಗೆ ಹೋಗುವವನಂತೆ ಟೈರಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಿದ್ದ. ತಪಾಸಣೆಯವನು ಒಳಗೆ ಬಗ್ಗಿ ನೋಡಿ, ಬೂಟು ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹುಲಿಗೆಪ್ಪ ನನ್ನ ಕಡೆ ನೋಡಿದ, ನಾನು ಕನ್ನಡ ಮಾಡಿ ಹೇಳಲೆಂದು. ಶರಣು ಮೊದಲೇ ಅರ್ಥ ಮಾಡಿಕೊಂಡಿದ್ದ.

"ಬೂಟ್ ಬೇಕಂತಲೇ! ಅಮರೇಶ, ಇದು ಅದ್ರಾಗ ಬರ್ದಿತ್ತೇನು?"

"ಏ, ಆ ಒಂದು ಸಾಲು ತಪ್ಪಿ ಹೋಗ್ಯಾದ ನೋಡು" ಎಂದೆ. ನನ್ನ ಧ್ವನಿ ನನಗೇ ಬೇರೆಯವರದು ಎನಿಸಿತು.

"ಹೋಗ್ಲಿ ಬಿಡು, ನಿನ್ನವು ಬಿಚ್ಚಿ ಕೊಡು ಇವನಿಗೆ. ಜಲ್ದಿ."

ಅವನ ಸರದಿಗೆ ಇನ್ನು ಹತ್ತು ನಿಮಿಷ ಮಾತ್ರ ಇತ್ತು. ನಾನು ಬಗ್ಗಿ ಲೇಸಿಗೆ ಕೈ ಹಾಕಿದೆ. ಬಗ್ಗಿದವನು ಹಾಗೇ ಎದ್ದೆ.

"ಇವನ ಕಾಲಿಗೆ ಇವು ಬರಂಗಿಲ್ಲ ಬಿಡು. ನನ್ನ ಕಾಲು ಸಣ್ಣವು."

ಹುಲಿಗೆಪ್ಪ ಹೆಲ್ಮೆಟ್ಟಿನ ಒಳಗಿಂದ ನನ್ನನ್ನು ನೋಡಿದ. ಎರಡು ತಿಂಗಳು ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿದವರು ನಾವು. ಈರಮ್ಮನ ಮಾತು ಅವನಿಗೂ ಕೇಳಿತ್ತು, ನನಗೂ ಕೇಳಿತ್ತು. ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಅಲ್ಲೇ ನೆಲಕ್ಕಿಳಿದು ಹೋಗುತ್ತಿದ್ದೆ. ಅವನು ಶರಣುವಿನ ಕಡೆ ತಿರುಗಿದ.

"ಹೌದ್ರಿ ಸಣ್ಣ ಸಾಹುಕಾರ್ರ. ನನಗ ಬರಂಗಿಲ್ಲ ಅವು" ಎಂದ.

ಕೊನೆಗೆ ಶರಣು ತನ್ನ ವಾಕಿಂಗ್ ಬೂಟನ್ನೇ ಬಿಚ್ಚಿ ಕೊಟ್ಟ. ಹುಲಿಗೆಪ್ಪನ ಪಾದಕ್ಕಿಂತ ಎರಡು ಅಳತೆ ದೊಡ್ಡದು, ಇಟ್ಟಿಗೆಯಷ್ಟು ದಪ್ಪ ಅಟ್ಟೆ. ಬೂಟಿನ ತುದಿಯಲ್ಲಿ ಬಟ್ಟೆ ತುರುಕಿ ಲೇಸು ಬಿಗಿದರು. ಹೊರಟ. ಮೊದಲ ಎರಡು ಸುತ್ತು ಹುಷಾರಾಗಿ, ಎಂಜಿನ್ನಿನ ಮಾತು ಕೇಳಲು ಹವಣಿಸುತ್ತ, ಕಿವುಡನಾದವನಂತೆ ಓಡಿಸಿದ. ಮೂರನೆಯ ಸುತ್ತಿಗೆ ಧೈರ್ಯ ಬಂತೋ ಏನೋ, ಉದ್ದ ದಾರಿಯ ಕೊನೆಯ ಎಡ ತಿರುವಿಗೆ ಅವನ ಎಂದಿನ ವೇಗದಲ್ಲಿ ಬಂದ. ಬ್ರೇಕ್ ಒತ್ತಿದಾಗ ದಪ್ಪ ಅಟ್ಟೆ ಪಕ್ಕದ ಆಕ್ಸಿಲರೇಟರನ್ನೂ ಒತ್ತಿತು. ಕಾರು ಎರಡು ಸುತ್ತು ಗಿರಕಿ ಹೊಡೆದು ಮರಳಿನ ಹಳ್ಳಕ್ಕೆ ಹೋಗಿ ಹೂತುಕೊಂಡಿತು. ಕಾರಿಗೆ ಏನೂ ಆಗಲಿಲ್ಲ, ಅವನಿಗೂ ಏನೂ ಆಗಲಿಲ್ಲ. ಎಳೆದು ತೆಗೆಯುವಷ್ಟರಲ್ಲಿ ಸರದಿ ಮುಗಿಯಿತು. ಅವನ ಸಮಯ ನನ್ನದಕ್ಕಿಂತ ಆರು ಸೆಕೆಂಡು ಹೆಚ್ಚು.

ಆಗ ನನಗೆ ಏನನ್ನಿಸಿತು ಎಂಬುದನ್ನು ಬಚ್ಚಿಡುವುದಿಲ್ಲ. ನನಗೆ ಖುಷಿಯಾಯಿತು. ಮೈಯೆಲ್ಲ ಹಗುರಾಗುವಂಥ ಖುಷಿ. ಮರಳು ಕೊಡವಿಕೊಂಡು ಬಂದ ಹುಲಿಗೆಪ್ಪ ಕಾರಿನ ಅಡಿಯಲ್ಲಿ ಮಲಗಿ ನಾನು ಹಾಕಿದ ಸಸ್ಪೆನ್ಷನ್ನಿಗೆ ಪೆಟ್ಟಾಗಿದೆಯೇ ಎಂದು ನೋಡುತ್ತಿದ್ದ. "ನಿಮ್ಮ ಕೆಲಸ ಗಟ್ಟಿ ಅದ ಅಣ್ಣಾರ, ಒಂದು ಬೋಲ್ಟೂ ಅಲುಗಿಲ್ಲ" ಎಂದ. ಆ ಖುಷಿ ಅಷ್ಟಕ್ಕೇ ಮುಗಿಯಿತು.

ಸೀಟು ನನ್ನದಾಯಿತು. ಸಂಕ್ರಾಂತಿ ಆದ ಮೇಲೆ ಒಂದು ರೇಸು, ಶಿವರಾತ್ರಿ ಹೊತ್ತಿಗೆ ಇನ್ನೊಂದು. ಒಂದರಲ್ಲಿ ಹದಿನಾಲ್ಕು ಜನರಲ್ಲಿ ಹನ್ನೊಂದನೆಯವನಾದೆ, ಇನ್ನೊಂದರಲ್ಲಿ ಒಂಬತ್ತನೆಯವನು. ಪ್ರತಿ ತಿರುವಿನಲ್ಲೂ, ಇಲ್ಲಿ ಅವನಾಗಿದ್ದರೆ ಬ್ರೇಕು ಎಲ್ಲಿ ಹಿಡಿಯುತ್ತಿದ್ದ ಎಂದು ಯೋಚನೆ. ಸೀಟು ಸಿಕ್ಕ ಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತಲ್ಲ, ಆರಲಿಲ್ಲ. ಮಾನ್ವಿಯಲ್ಲಿ ಟ್ರೇಲರ್ ಎಳೆಯುತ್ತಿದ್ದವನ ಮೇಲೆ, ಕೊಯಮತ್ತೂರಿನಲ್ಲಿ ರೇಸು ಓಡಿಸುತ್ತಿದ್ದ ನನಗೆ ಅಸೂಯೆ. ಯುಗಾದಿ ಮುಂಚೆ ಶಿವಣ್ಣ ಸಾಹುಕಾರರು ಆಟ ಸಾಕೆಂದರು. ಕಾರು ಹೈದರಾಬಾದಿನ ಯಾರಿಗೋ ಮಾರಾಟವಾಯಿತು. ಆಮೇಲೆ ನಾನು ಮಿಲ್ಲಿಗೆ ಹೋಗಲಿಲ್ಲ. ಕೆಲಸ ಇದ್ದರೆ ಶರಣುವೇ ರಾಯಚೂರಿಗೆ ಬರುತ್ತಿದ್ದ.

ಹೋದ ತಿಂಗಳು ಆ ಹೊಟ್ಟನ್ನು ಅಂಗೈಯಿಂದ ಕೊಡವಿ ಎದ್ದೆ. ಬೂಟು ಗ್ಯಾರೇಜಿನ ಮೇಲಿನ ಹಲಗೆಯಲ್ಲೇ ಇತ್ತು. ಧೂಳು ಒರೆಸಿ ಕೈಚೀಲಕ್ಕೆ ಹಾಕಿದೆ. ಕಾರು ರಿಪೇರಿಯಾದ ಮೇಲೆ, ಯಾರನ್ನೂ ಕಳಿಸಬೇಡ, ನಾನೇ ತಂದು ಬಿಡುತ್ತೇನೆ ಎಂದು ಶರಣುವಿಗೆ ಫೋನು ಮಾಡಿದೆ. ಮಾನ್ವಿಯ ರಸ್ತೆಯಲ್ಲಿ ಅರ್ಧ ದಾರಿಗೆ ಭತ್ತ ಹರವಿ ಅಂಚಿಗೆ ಕಲ್ಲು ಇಟ್ಟಿದ್ದರು. ಮತ್ತೆ ಸುಗ್ಗಿ.

ಕಣದ ಬಾಗಿಲಲ್ಲಿ ನನ್ನ ಚರ್ಮದ ಚಪ್ಪಲಿ ಬಿಟ್ಟು ಒಳಗೆ ಹೋದೆ. ಹುಲಿಗೆಪ್ಪ ಈಗ ಮಿಲ್ಲಿನ ಗಾಡಿಗಳನ್ನೆಲ್ಲ ನೋಡಿಕೊಳ್ಳುವವನು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. "ಬರ್ರಿ ಅಮರೇಶಣ್ಣ, ಚಾ ಕುಡೀತೀರೇನ್ರಿ?" ಎಂದ, ನಿನ್ನೆಯಷ್ಟೇ ನೋಡಿದವನಂತೆ. ಈರಮ್ಮ ಚಹಾ ತಂದು ಕೊಟ್ಟು, ದಪ್ಪಗಾಗೀದಿ ನೋಡಪ್ಪ ಎಂದು ಹೋದಳು. ನಾನು ಚೀಲದಿಂದ ಬೂಟು ತೆಗೆದು ಅವನ ಮುಂದೆ ಇಟ್ಟೆ.

"ಹುಲಿಗೆಪ್ಪ, ಇವು ನಿನಗ. ಅವತ್ತ ಕೊಡಬೇಕಿತ್ತು. ನಾ ಸುಳ್ಳು ಹೇಳಿದೆ. ಆ ಸಾಲೂ ತಪ್ಪಿರಲಿಲ್ಲ, ಬೇಕಂತಲೇ ಬಿಟ್ಟೆ."

ಅವನು ಒಂದು ಬೂಟನ್ನು ಎತ್ತಿಕೊಂಡು, ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ತಿರುವಿ ನೋಡಿದ. ಮೆಲ್ಲಗೆ ಮತ್ತೆ ನನ್ನ ಮಡಿಲಿಗೆ ಇಟ್ಟ.

"ನನಗ ಬರಂಗಿಲ್ಲ ಬಿಡ್ರಿ ಇವು" ಎಂದ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಶರಣು ಕೂಗಿದ. ಭತ್ತದ ಲಾರಿಯೊಂದು ಗೇಟಿನಲ್ಲಿ ಅಡ್ಡ ಸಿಕ್ಕಿಕೊಂಡು ಹಿಂದೆಯೂ ಹೋಗದೆ ಮುಂದೆಯೂ ಬರದೆ ನಿಂತಿತ್ತು. ಅದರ ಡ್ರೈವರು ಆಗಲೇ ಕೈಚೆಲ್ಲಿದ್ದ. ಹುಲಿಗೆಪ್ಪ ಎದ್ದು ಓಡಿದ, ಕಣದ ಬಾಗಿಲಲ್ಲಿ ಕೆಳಗೆ ನೋಡದೆ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋದ. ಲಾರಿಯ ಬಾಗಿಲಲ್ಲಿ ಅವನ್ನು ಕಳಚಿ ಬರಿಗಾಲಲ್ಲಿ ಮೇಲೆ ಹತ್ತಿದ. ಎರಡೂ ಕಡೆ ಒಂದೊಂದು ಗೇಣು ಜಾಗ. ಲಾರಿ ಒಂದು ಸಲ ಉಸಿರೆಳೆದು, ಹಿಮ್ಮುಖವಾಗಿ, ಎಲ್ಲಿಯೂ ನಿಲ್ಲದೆ ಒಳಗೆ ಬಂದುಬಿಟ್ಟಿತು. ನಾನು ಬೂಟು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದೆ. ಕ್ಷಮೆ ಕೇಳಲು ಬಂದವನ ಹೊಟ್ಟೆ ಮತ್ತೆ ಉರಿಯತೊಡಗಿತ್ತು.

ಹೊರಡುವ ಹೊತ್ತಿಗೆ ಕಣದ ಬಾಗಿಲಿಗೆ ಬಂದೆ. ನನ್ನ ಚಪ್ಪಲಿ ಇರಲಿಲ್ಲ. ಅಲ್ಲಿದ್ದದ್ದು ಸವೆದ ಕಪ್ಪು ರಬ್ಬರ್ ಜೋಡು ಮಾತ್ರ. ಲಾರಿಯ ಕಡೆಯಿಂದ ಹುಲಿಗೆಪ್ಪ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ, ನನ್ನ ಚರ್ಮದ ಚಪ್ಪಲಿಯಲ್ಲಿ, ಆರಾಮಾಗಿ. ನಾನು ನೋಡುತ್ತಿರುವುದನ್ನು ಕಂಡು ಅವನೂ ಬಗ್ಗಿ ತನ್ನ ಕಾಲು ನೋಡಿಕೊಂಡ.

"ಅಯ್ಯ, ಇವು ನಿಮ್ಮವೇನ್ರಿ?" ಎಂದ. "ಕಾಲಿಗೆ ಗೊತ್ತ ಆಗ್ಲಿಲ್ಲ ನೋಡ್ರಿ."